ಲೈಬ್ರರಿಯಲ್ಲಿ ಸಿಕ್ಕ ಸರ್‌ಗೆ ಥ್ಯಾಂಕ್ಸ್

ಸರ್, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ದಾವಣಗೆರೆಯ ಲೈಬ್ರರಿಯಲ್ಲಿ ಎದುರು ಕೂತು ಪೇಪರ್ ಓದುತ್ತಿದ್ದವರು ನೀವು. ನಾನು ಈಗ ಬೆಂಗಳೂರಿನ ಪೀಣ್ಯದಲ್ಲಿ ಒಂದು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದೇನೆ. ಇದು ನಿಮಗೆ ತಲುಪಲಿ ಅಂತ ಬರೆಯುತ್ತಿದ್ದೇನೆ.

ನನ್ನ ರೆಸ್ಯೂಮೆಯಲ್ಲಿದ್ದ ದೊಡ್ಡ ದೊಡ್ಡ ವಿಶೇಷಣಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದಿರಿ. "ಡಿಪ್ಲೊಮಾ ಪ್ರಾಜೆಕ್ಟ್‌ನಲ್ಲಿ ನೀನು ಕೈಯಾರೆ ಮಾಡಿದ್ದೇನು? ಅದನ್ನ ಮೇಲೆ ಬರಿ" ಅಂದಿರಿ. "ನಿಮ್ಮ ಬಗ್ಗೆ ಹೇಳಿ" ಅಂತ ಕೇಳಿದರೆ ಮನೆಯವರ ಪರಿಚಯ ಬೇಡ, ಏನು ಕಲಿತೆ, ಏನು ಮಾಡಿದೆ, ಈ ಕೆಲಸ ಯಾಕೆ ಬೇಕು, ಇಷ್ಟು ಸಾಕು ಅಂತ ಬಾಯಿ ಬಿಟ್ಟು ಹೇಳಿಸಿದಿರಿ.

ಪೇಪರ್ ಅಂಚಿನಲ್ಲೇ ವರ್ನಿಯರ್ ಕ್ಯಾಲಿಪರ್ (ಸಣ್ಣ ಅಳತೆಗಳನ್ನು ನಿಖರವಾಗಿ ಅಳೆಯೋ ಸಾಧನ) ಚಿತ್ರ ಬರೆದು ರೀಡಿಂಗ್ ಓದಿಸಿದ್ದು ನೆನಪಿದೆಯಾ? ವರ್ನಿಯರ್‌ನಲ್ಲಿ 50 ಗೆರೆ ಇದ್ದರೆ ಲೀಸ್ಟ್ ಕೌಂಟ್ (ಅದು ತೋರಿಸಬಲ್ಲ ಅತಿ ಚಿಕ್ಕ ಅಳತೆ) 0.02 ಮಿ.ಮೀ., ಇನ್ನೊಂದು ಅಳತೆ ಸಾಧನವಾದ ಸಾಮಾನ್ಯ ಮೈಕ್ರೋಮೀಟರ್‌ಗೆ 0.01. ಮೊದಲು ಝೀರೋ ಎರರ್ (ಮುಚ್ಚಿದಾಗ ಸೊನ್ನೆ ಸರಿಯಾಗಿ ಕೂರದ ದೋಷ) ನೋಡು ಅಂತ ಒತ್ತಿ ಒತ್ತಿ ಹೇಳಿದಿರಿ. ಇಂಟರ್‌ವ್ಯೂನಲ್ಲಿ ಒಂದು ಬುಷ್ (ಕೊಳವೆಯಂಥ ಚಿಕ್ಕ ಬಿಡಿಭಾಗ) ಕೈಗಿಟ್ಟು, ಅಳೆದು ತೋರಿಸು ಅಂದರು! ನಾನು ಕ್ಯಾಲಿಪರ್ ಮುಚ್ಚಿ ಝೀರೋ ನೋಡಿದ ತಕ್ಷಣ ಎದುರಿದ್ದವರ ಮುಖ ಅರಳಿತು.

ಡಿಪ್ಲೊಮಾದವರಿಗೂ ಸ್ಟೈಪೆಂಡ್ ಇರುವ ಅಪ್ರೆಂಟಿಸ್‌ಶಿಪ್ ಇದೆ ಅಂತ ತಿಳಿಸಿದವರೂ ನೀವೇ. ಸುಮ್ನೆ ಎಲ್ಲದಕ್ಕೂ ಅರ್ಜಿ ಹಾಕಬೇಡ, ಹಾಕಿದ ಕಡೆ ಯಾವಾಗ ಫೋನ್ ಮಾಡಬೇಕು ಅಂತ ಪುಸ್ತಕದಲ್ಲಿ ಬರೆದಿಡು ಅಂದಿರಿ. ಕೆಲಸ ಕೊಡಿಸೋಕೆ ಮೊದಲೇ ದುಡ್ಡು ಕೇಳೋರ ಹತ್ತಿರ ಹೋಗಲೇಬೇಡ ಅಂತಲೂ ಎಚ್ಚರಿಸಿದಿರಿ. ನನಗೆ ಅದು ತುಂಬಾ ದೊಡ್ಡ ಉಪಕಾರ.

ನನ್ನ ತಂಗಿಯೂ ಈಗ ಕೆಲಸ ಹುಡುಕುತ್ತಿದ್ದಾಳೆ. ನೀವು ತಿದ್ದಿದ ಹಾಳೆಯನ್ನು ಅವಳಿಗೆ ಕೊಟ್ಟಿದ್ದೇನೆ. ತುಂಬಾ ಥ್ಯಾಂಕ್ಸ್ ಸರ್.