ಒಂಬತ್ತನೇ ತಿಂಗಳಲ್ಲಿ ಮಗು ‘ಸುಮ್ನಿದೆ’ ಅಂದರೆ

ಮಾನ್ಯ ಸಂಪಾದಕರೇ,

ಮಗಳು ಚೊಚ್ಚಲ ಹೆರಿಗೆಗೆ ಅಂತ ಜಗಳೂರಿನಿಂದ ನಮ್ಮ ಮನೆಗೆ ಬಂದಿದ್ದಳು. ಒಂಬತ್ತಕ್ಕೆ ಬಿದ್ದಿತ್ತು. ಒಂದು ದಿನ ಮಧ್ಯಾಹ್ನ, “ಅವ್ವಾ, ಬೆಳಗ್ಗೆಯಿಂದ ಇದು ಯಾಕೋ ಮಿಸುಕಾಡ್ತಾನೇ ಇಲ್ಲ” ಅಂದಳು. ಪಕ್ಕದ ಮನೆಯವರು, “ಏ, ಒಳಗೆ ಜಾಗ ಎಲ್ಲಿರುತ್ತೆ, ತುಂಬಿದ ತಿಂಗಳಲ್ಲಿ ಹಂಗೇ” ಅಂದರು. ನಾನೂ ಹೂಂಗುಟ್ಟಿದೆ. ಎರಡು ಹೆತ್ತವಳು ನಾನು, ನನಗೆ ಗೊತ್ತಿಲ್ವಾ ಅನ್ನೋ ಧಿಮಾಕು ಬೇರೆ!

ಸಂಜೆ ಅವಳ ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿತು. ಸೋಪು ಹಚ್ಚಿ ತಿರುಗಿಸಿದರೂ ಬರಲಿಲ್ಲ, ಬೆರಳು ಅಷ್ಟು ಊದಿತ್ತು, ಜೊತೆಗೆ ತಲೆ ಸಿಡಿಯುತ್ತಿದೆ ಅಂತ ಅತ್ತಳು. ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದರೆ ಕೌಂಟರಿನಲ್ಲಿ, “ನೋವು ಬಂದಿಲ್ವಲ್ಲ, ನಾಳೆ ಓಪಿಡಿಗೆ ಬನ್ನಿ” ಅಂದುಬಿಟ್ಟರು. ಅಲ್ಲೇ ಇದ್ದ ನರ್ಸೊಬ್ಬರು ತಾಯಿ ಕಾರ್ಡ್ ಇಸಿದುಕೊಂಡು ಬಿಪಿ ನೋಡಿದರು. 150/100, ಜಾಸ್ತಿಯೇ ಇತ್ತು. ಅವತ್ತೇ ದಾಖಲು ಮಾಡಿಕೊಂಡರು. ಈಗ ಇಬ್ಬರೂ ಚೆನ್ನಾಗಿದ್ದಾರೆ.

ಕೊನೆ ದಿನಗಳಲ್ಲಿ ಮಗು ಹೊರಳುವ ರೀತಿ ಬದಲಾಗಬಹುದು, ಆದರೆ ಮಿಸುಕಾಟ ಕಮ್ಮಿಯಾಗಬಾರದಂತೆ. ಅನುಮಾನ ಬಂದರೆ ಎಡ ಮಗ್ಗುಲಿಗೆ ಮಲಗಿ ಎಣಿಸಬೇಕು, 2 ಗಂಟೆಯಲ್ಲಿ 10 ಸಲವೂ ಮಿಸುಕದಿದ್ದರೆ ರಾತ್ರಿಯಾದರೂ ಸರಿ, ಹೊರಡಬೇಕು. ಪಾದ ಊದುವುದು ಮಾಮೂಲು. ಮುಖ, ಕೈ ಊದಿ ತಲೆನೋವು ಬಂದರೆ, ಕಣ್ಣು ಮಂಜಾದರೆ ಅದು ಬಿಪಿ ಏರಿದ ಗುರುತು ಇರಬಹುದು. ಹೊಟ್ಟೆ ಆಗಾಗ ಬಿಗಿಯಾಗಿ, ಸ್ವಲ್ಪ ಓಡಾಡಿದರೆ ಸಡಿಲವಾಗುವುದು ಸುಳ್ಳು ನೋವು, ಅದಕ್ಕೆ ಗಾಬರಿ ಬೇಡ. ನಿಜವಾದ ನೋವು ಬಿಡುವು ಕಮ್ಮಿ ಮಾಡಿಕೊಂಡು, ಜಾಸ್ತಿಯಾಗುತ್ತಾ ಬರುತ್ತದೆ. ಗರ್ಭದ ನೀರು ಹೋದರೆ, ರಕ್ತ ಕಂಡರೆ ನೋವಿಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಇದೆಲ್ಲ ನಮಗೆ ಗೊತ್ತಾಗಿದ್ದು ವಾರ್ಡಿನಲ್ಲಿ ಮಲಗಿದ ಮೇಲೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದಲ್ಲ, ಅವತ್ತು ಜೊತೆಗೆ ಬಂದ ಅತ್ತೆ, ಅವ್ವಂದಿರು ಹೊರಗೆ ಬೆಂಚಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿರುತ್ತೇವೆ. ಮನೆಯಲ್ಲಿ “ಹಂಗೇ ಬಿಡು” ಅನ್ನುವವರೇ ನಾವು. ನಮ್ಮನ್ನೂ ಒಳಗೆ ಕರೆದು ಐದು ನಿಮಿಷ ಹೇಳಿ.

– ಒಬ್ಬ ಅಜ್ಜಿ, ನಿಟುವಳ್ಳಿ, ದಾವಣಗೆರೆ