ಸರ್ಜರಿಗೆ ಕಾಯುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತೂಕ ಇಳಿಸುವ ಸರ್ಜರಿಗೆ ಕಾಯುತ್ತಿರುವವರು ಇದನ್ನು ಪೂರ್ತಿ ಓದಿ.

ನಾನು ಕಾಯುತ್ತಿದ್ದಾಗ ಎಲ್ಲರೂ ಮಲಗಿದ ಮೇಲೆ ಎದ್ದು ಹೋಗುತ್ತಿದ್ದೆ. ಲೈಟ್ ಹಾಕುತ್ತಿರಲಿಲ್ಲ. ಫ್ರಿಜ್ ಬಾಗಿಲು ತೆರೆದು, ಆ ಬೆಳಕಲ್ಲೇ ನಿಂತು ತಿನ್ನುತ್ತಿದ್ದೆ. ಹಸಿವೇನೂ ಇರುತ್ತಿರಲಿಲ್ಲ. ಬೆಳಿಗ್ಗೆ ಖಾಲಿ ಡಬ್ಬ ತೊಳೆದು ಒರೆಸಿ ಜಾಗದಲ್ಲಿ ಇಡುತ್ತಿದ್ದೆ, ಯಾರಿಗೂ ಗೊತ್ತಾಗಬಾರದಲ್ವಾ!

ಇದು ಬರೀ ಬಾಯಿಚಪಲ ಅಲ್ಲ. ಕಡಿಮೆ ಹೊತ್ತಿನಲ್ಲಿ ತೀರಾ ಜಾಸ್ತಿ ತಿನ್ನುವುದು, ನಿಲ್ಲಿಸಲು ಆಗದಿರುವುದು, ಆಮೇಲೆ ನಾಚಿಕೆ, ಬೇಜಾರು. ವಾರಕ್ಕೆ ಒಮ್ಮೆಯಾದರೂ ಹೀಗೆ 3 ತಿಂಗಳು ನಡೆದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್ ಇರಬಹುದು. ಮಾನಸಿಕ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುವ ಡಿಎಸ್‌ಎಂ-5 ಎಂಬ 2013ರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಎಂದೇ ಸೇರಿಸಿದೆ. ಚಿಕಿತ್ಸೆ ಇದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಅದರಲ್ಲಿ ಮುಖ್ಯವಾದದ್ದು.

ಸರ್ಜರಿಗೆ ಮುಂಚೆ ನಿಮ್ಮನ್ನು ನೋಡುವ ಸೈಕಾಲಜಿಸ್ಟ್ ಮುಂದೆ ಇದನ್ನು ಮುಚ್ಚಿಡಬೇಡಿ. ಹೇಳಿದ ಮಾತ್ರಕ್ಕೆ ಸಾಮಾನ್ಯವಾಗಿ ಸರ್ಜರಿ ರದ್ದಾಗುವುದಿಲ್ಲ. ಹೆಚ್ಚೆಂದರೆ ಮೊದಲು ಇದಕ್ಕೆ ಚಿಕಿತ್ಸೆ ಮಾಡೋಣ ಎನ್ನಬಹುದು. ಸರ್ಜರಿ ಹೊಟ್ಟೆಯನ್ನು ಚಿಕ್ಕದು ಮಾಡುತ್ತದೆ, ಬೇಜಾರಾದಾಗ ತಿನ್ನುವ ಅಭ್ಯಾಸವನ್ನಲ್ಲ. ಅದು ಆಮೇಲೆ ಇಡೀ ದಿನ ಚೂರುಚೂರೇ ಮೆಲ್ಲುವ ರೂಪದಲ್ಲಿ ವಾಪಸ್ ಬರಬಹುದು.

ಖಿನ್ನತೆಗೆ ಮಾತ್ರೆ ತಗೊಳ್ಳುವವರು ಅದನ್ನೂ ಡಾಕ್ಟರಿಗೆ ತಿಳಿಸಿ. ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ಕರುಳಿನ ದಾರಿ ಬದಲಿಸುವ ತೂಕ ಇಳಿಸುವ ಸರ್ಜರಿ) ಆದ ಮೇಲೆ ಕೆಲವು ಮಾತ್ರೆಗಳು ಮೈಗೆ ಹತ್ತುವ ರೀತಿ ಬದಲಾಗುತ್ತದೆ. ಸುಮ್ನೆ ನೀವೇ ನಿಲ್ಲಿಸಬೇಡಿ.

ಇನ್ನೊಂದು, "ಇವತ್ತು ಎಷ್ಟು ಕೆಜಿ?" ಎಂದು ಈ ಗುಂಪಿನಲ್ಲಿ ಯಾರನ್ನೂ ಕೇಳಬೇಡಿ. ಬದುಕೇ ಬೇಡ ಅನ್ನಿಸಿದರೆ ಗುಂಪಿನ ಉತ್ತರಕ್ಕೆ ಕಾಯದೆ ತಕ್ಷಣ ಮನೆಯವರಿಗೆ, ಡಾಕ್ಟರಿಗೆ ಫೋನ್ ಮಾಡಿ.