ಬತ್ತಿದ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರೇ,

ಕೋಲಾರದಲ್ಲಿ ಅಂತರ್ಜಲ ಇಷ್ಟು ಅಡಿ ಮೇಲೆ ಬಂತು, ಅಷ್ಟು ಅಡಿ ಕೆಳಗೆ ಹೋಯಿತು ಅನ್ನುವ ಸುದ್ದಿ ಆಗಾಗ ಬರುತ್ತಿರುತ್ತದೆ. ಓದಿದಾಗಲೆಲ್ಲ ನನಗೆ ಕೇಳಬೇಕು ಅನ್ನಿಸುವುದು ಒಂದೇ: ಎಷ್ಟು ಬಾವಿ ಅಳೆದು ಈ ಸರಾಸರಿ ತೆಗೆದರು? ಹೋದ ಸಲ ಅಳೆದ ಬಾವಿಗಳೇನಾ ಇವು?

ನಾನು ಡಿಗ್ರಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಮಕ್ಕಳ ಪ್ರಾಜೆಕ್ಟಿಗೆ ಅಂತ ಒಂದು ಕಡೆಯಿಂದ ಬಾವಿ ಮಟ್ಟದ ಪಟ್ಟಿ ತಂದಿದ್ದೆವು. ಬಾವಿಗೊಂದು ಸಾಲು, ತಿಂಗಳಿಗೊಂದು ಕಾಲಂ. ಬೇಸಿಗೆ ತಿಂಗಳುಗಳಿಗೆ ಬಂದರೆ ಬರೀ ಅಡ್ಡಗೆರೆ. ಕೆಲವು ಕಡೆ ಪೆನ್ಸಿಲ್‌ನಲ್ಲಿ 'ನೀರಿಲ್ಲ' ಅಂತ ಬರೆದಿದ್ದರು, ಕಂಪ್ಯೂಟರಿಗೆ ಹತ್ತಿಸುವಾಗ ಅದೂ ಹೋಗಿ ಖಾಲಿ ಮನೆ ಉಳಿದಿತ್ತು. ಎಕ್ಸೆಲ್ ಖಾಲಿ ಮನೆ ಬಿಟ್ಟು ಸರಾಸರಿ ತೆಗೆಯುತ್ತದೆ, ಅಲ್ವಾ?

ಐದು ಬಾವಿ ಇವೆ ಅಂದುಕೊಳ್ಳಿ. ನೀರು 60, 80, 100, 170, 190 ಅಡಿ ಆಳದಲ್ಲಿದೆ. ಸರಾಸರಿ 120. ಮುಂದಿನ ವರ್ಷ ಎಲ್ಲ ಕಡೆ 10 ಅಡಿ ಕುಸಿದು ಕೊನೆಯ ಎರಡು ಬತ್ತಿದವು. ಉಳಿದ ಮೂರರ ಸರಾಸರಿ 90. ನೀರು ಎಲ್ಲ ಬಾವಿಯಲ್ಲೂ ಇಳಿದಿದೆ, ಕಾಗದದ ಮೇಲೆ 30 ಅಡಿ ಏರಿದೆ!

ಅಂಕಿ ಯಾಕೆ ಇಲ್ಲ ಅನ್ನುವುದನ್ನು ಮೊದಲು ಕೇಳಿ ಅಂತ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲೇ ಬರೆದರು. ಅಳೆಯುವವರಿಗೆ ಜ್ವರ ಬಂದು ಒಂದು ತಿಂಗಳು ತಪ್ಪಿದರೆ ಅಷ್ಟು ತೊಂದರೆ ಇಲ್ಲ. ನೀರು ಬತ್ತಿದ್ದಕ್ಕೇ ಅಂಕಿ ಇಲ್ಲ ಅಂದರೆ ಆ ಖಾಲಿ ಮನೆಯೇ ಸುದ್ದಿ. ಅಲ್ಲಿ ಹಿಂದಿನ ತಿಂಗಳ ಅಂಕಿಯನ್ನು ಸುಮ್ನೆ ತುಂಬುವುದೂ ತಪ್ಪು. 200 ಅಡಿ ಬಾವಿ ಬತ್ತಿದರೆ 'ನೀರು 200 ಅಡಿಗಿಂತ ಕೆಳಗೆ' ಅಂತ ಬರೆಯಿರಿ, ಅದನ್ನು ಹಾಗೇ ಇಟ್ಟುಕೊಂಡು ಲೆಕ್ಕ ಮಾಡುವ ವಿಧಾನಗಳು ಇವೆ.

ಇನ್ನೊಂದು ಮಾತು ಕೆ.ಸಿ. ವ್ಯಾಲಿ ನೀರಿನದು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆಯದು. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆಗೆ. ಹಾಗಿರುವಾಗ ಇಡೀ ಜಿಲ್ಲೆಗೆ 2018ಕ್ಕೆ ಮುಂಚೆ, 2018ರ ನಂತರ ಅಂತ ಗೆರೆ ಎಳೆದರೆ ನೀರು ಬಂದ ಊರು, ಬಾರದ ಊರು ಎರಡೂ ಕಲಸಿಹೋಗುತ್ತವೆ. ಆಯಾ ಕೆರೆಗೆ ನೀರು ಬಂದ ದಿನದಿಂದ ಅಲ್ಲಿನ ಬಾವಿಯ ತಿಂಗಳು ಎಣಿಸಬೇಕು, ಅದೇ ಹೊತ್ತಿಗೆ ಇನ್ನೂ ನೀರು ಬಾರದ ಊರುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು, ಇಲ್ಲದಿದ್ದರೆ 2021ರ ನವೆಂಬರ್‌ನಲ್ಲಿ ಸುರಿದ ಮಳೆಯ ಪಾಲೆಷ್ಟು, ಕೆರೆ ತುಂಬಿಸಿದ್ದರ ಪಾಲೆಷ್ಟು ಅಂತ ಯಾರೂ ಹೇಳಲಾರರು. ನಡುವೆ ಆಳದ ಬೋರ್‌ವೆಲ್‌ಗಳು ಹೊಸದಾಗಿ ಪಟ್ಟಿಗೆ ಸೇರಿದರೂ ಸರಾಸರಿ ಹೀಗೇ ದಾರಿ ತಪ್ಪಿಸುತ್ತದೆ. ಪ್ರತಿ ಬಾವಿಯನ್ನು ಅದರ ಹಿಂದಿನ ಮಟ್ಟದ ಜೊತೆಗೇ ಹೋಲಿಸಬೇಕು.

ಅಂಕಿ ಕೊಡುವ ಅಧಿಕಾರಿಗಳಲ್ಲಿ, ಛಾಪಿಸುವ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸರಾಸರಿ ಪಕ್ಕದಲ್ಲಿ ಒಂದೇ ಒಂದು ಸಾಲು ಜಾಸ್ತಿ ಹಾಕಿ: ಅಳೆದ ಬಾವಿ ಎಷ್ಟು, ಬತ್ತಿದ್ದು ಎಷ್ಟು, ಹೊಸದಾಗಿ ಸೇರಿದ್ದು ಎಷ್ಟು.

- ಒಬ್ಬ ಉಪನ್ಯಾಸಕಿ, ಕೋಲಾರ